ಹೆಸರು ಕೊರೆಸಿದ ಪಾತ್ರೆಗಳು

ಬುಧವಾರ ಬೆಳಿಗ್ಗೆ ಇಂದ್ರಾಣಿ ಕೆಳಗಿನ ಕೋಣೆಯ ಬಾಗಿಲು ತಳ್ಳಿದಾಗ ಅದು ಅರ್ಧಕ್ಕೆ ನಿಂತಿತು. ಒಳಗೆ ಯಾವುದೋ ಪಾತ್ರೆ ಉರುಳಿ ಇನ್ನೊಂದಕ್ಕೆ ತಾಗಿತು, ಅದು ಮತ್ತೊಂದನ್ನು ಬೀಳಿಸಿತು. ಸದ್ದು ಅಡಗಲು ಬಹಳ ಹೊತ್ತು ಹಿಡಿಯಿತು. ಶನಿವಾರ ಮಧ್ಯಾಹ್ನದೊಳಗೆ ಈ ಕೋಣೆ ಖಾಲಿಯಾಗಬೇಕಿತ್ತು.

ಆಗದಿದ್ದರೆ ಏನು ಎಂಬುದು ಹಿಂದಿನ ದಿನವೇ ತೀರ್ಮಾನವಾಗಿತ್ತು. ಗಂಡನ ಅಕ್ಕ ಮುನಿವೆಂಕಟಮ್ಮ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡು ಜಯನಗರದ ನರ್ಸಿಂಗ್ ಹೋಮಿನಲ್ಲಿದ್ದರು. ಆಪರೇಷನ್ ಆಗಿತ್ತು. ಶನಿವಾರ ಕಳಿಸುತ್ತೇವೆ, ಆದರೆ ಮೂರು ತಿಂಗಳು ಮೆಟ್ಟಿಲು ಹತ್ತುವಂತಿಲ್ಲ ಎಂದಿದ್ದರು ಡಾಕ್ಟರು. ಇಟ್ಟಮಡುವಿನ ಆ ಮನೆಯಲ್ಲಿ ಇವರಿರುವುದು ಮೊದಲ ಮಹಡಿ, ಬಾಡಿಗೆಯವರು ಎರಡನೆಯದು. ಕೆಳಗಿರುವುದು ಗಾಡಿ ನಿಲ್ಲಿಸುವ ಜಾಗ ಮತ್ತು ಬಚ್ಚಲು ಸೇರಿದ ಈ ಒಂದು ಕೋಣೆ.

"ಜೆ.ಪಿ. ನಗರದಲ್ಲಿ ಒಂದು ಕೇರ್ ಸೆಂಟರ್ ನೋಡ್ಕೊಂಡು ಬಂದಿದೀನಿ," ಎಂದಿದ್ದರು ಗಂಡ ಕೆಂಪರಾಜು. "ಆ ರೂಮು ಖಾಲಿ ಮಾಡೋದು ನಿನ್ನ ಕೈಲಿ ಆಗಲ್ಲ ಇಂದ್ರಾಣಿ. ನಾಕು ಸಲ ಶುರು ಮಾಡಿ ನಾಕು ಸಲನೂ ಬಾಗಿಲು ಹಾಕ್ದೆ. ಬೈತಿಲ್ಲ, ಇರೋದು ಹೇಳ್ದೆ."

ನರ್ಸಿಂಗ್ ಹೋಮಿನ ಮಂಚದಲ್ಲಿ ಮಲಗಿ ಇದನ್ನು ಕೇಳಿದ ಮುನಿವೆಂಕಟಮ್ಮ "ಆಯ್ತು ಬಿಡಪ್ಪ, ಎಲ್ಲಾದ್ರೇನು" ಎಂದು ಮುಖವನ್ನು ಗೋಡೆಯ ಕಡೆ ತಿರುಗಿಸಿದ್ದರು. ಆ ಮುಖ ಇಂದ್ರಾಣಿಯ ಕಣ್ಣಿನಿಂದ ಹೋಗಲೊಲ್ಲದು. ಮದುವೆಯಾಗಿ ಬಂದ ಹೊಸದರಲ್ಲಿ ಅವಳು ಬಿ.ಎ. ಕೊನೆಯ ವರ್ಷದ ಪರೀಕ್ಷೆಗೆ ಕಟ್ಟಿದ್ದಳು. ಆ ಒಂದು ತಿಂಗಳು ಅವಳನ್ನು ಅಡುಗೆಮನೆಗೆ ಕಾಲಿಡಲು ಬಿಡದೆ, "ಓದ್ಕೊ ಹೋಗು, ಮುದ್ದೆ ನಾನು ತಿರುವ್ತೀನಿ" ಎಂದಿದ್ದವರು ಈ ಅತ್ತಿಗೆ.

"ಶನಿವಾರದ ತನಕ ಟೈಮ್ ಕೊಡ್ರಿ," ಎಂದಿದ್ದಳು ಅವಳು.

ಬುಧವಾರ ಇಡೀ ದಿನ ದುಡಿದು ಅವಳು ಹೊರಗೆ ಹಾಕಿದ್ದು ಹಳೆಯ ಟಿ.ವಿ. ಪೆಟ್ಟಿಗೆ, ಹರಿದ ಹಾಸಿಗೆ, ಒಂದು ಕಟ್ಟು ಕ್ಯಾಲೆಂಡರು. ಪಾತ್ರೆಗಳ ರಾಶಿಗೆ ಬಂದದ್ದೇ ಕೈ ನಿಂತಿತು. ಗೋಡೆಯಿಂದ ಗೋಡೆಗೆ ಸ್ಟೀಲು: ಬಿಂದಿಗೆ, ಡಬರಿ, ಹರಿವಾಣ, ಬೇಸಿನ್ನು, ಕ್ಯಾರಿಯರ್. ಹೆಚ್ಚಿನವು ಒಲೆ ಕಂಡವಲ್ಲ. ಆ ಕಡೆಯ ಹಳೆಯ ಊರುಗಳ ಮನೆಗಳಲ್ಲಿ ಮದುವೆಗಾಗಲಿ ಗೃಹಪ್ರವೇಶಕ್ಕಾಗಲಿ ಪಾತ್ರೆ ಮುಯ್ಯಿ ಮಾಡುವುದು ವಾಡಿಕೆ. ಅಂಗಡಿಯಲ್ಲೇ ಗುಂಯ್‌ಗುಡುವ ಮಿಷನ್ನಿನಿಂದ ಕೊಡುವವರ ಹೆಸರು ಕೊರೆಸಿ ತರುತ್ತಾರೆ. ಮೂರು ತಲೆಮಾರಿನ ಮುಯ್ಯಿ ಈ ಕೋಣೆಯಲ್ಲಿ ಕುಳಿತಿತ್ತು. ಇಂದ್ರಾಣಿ ಒಂದನ್ನು ಎತ್ತುವಳು, ಕನ್ನಡಕ ಸರಿಮಾಡಿಕೊಂಡು ಹೆಸರು ಓದುವಳು, ಅಯ್ಯೋ ಅವರಾ ಎಂದುಕೊಂಡು ಅಲ್ಲೇ ಇಡುವಳು.

ಸಂಜೆ ಇಣುಕಿದ ಕೆಂಪರಾಜು, "ತೂಕಕ್ಕೆ ಹಾಕ್ಬಿಡು, ಗುಜರಿಯವನಿಗೆ ಹೇಳ್ತೀನಿ" ಎಂದರು.

"ಜನರ ಹೆಸರನ್ನ ಗುಜರಿಗೆ ಹಾಕ್ತಾರೇನ್ರಿ?"

"ಹಂಗಾದ್ರೆ ಬೇರೆಯವರಿಗೆ ಕೊಡು."

ಅದನ್ನು ಮಾತ್ರ ಅವಳ ಮುಂದೆ ಹೇಳಬಾರದಿತ್ತು. ಹತ್ತು ವರ್ಷದ ಹಿಂದೆ ಗಂಡನ ನೆಂಟ ಚಿಕ್ಕಬೈರಪ್ಪ ಕದಿರೇನಹಳ್ಳಿಯಲ್ಲಿ ಮನೆ ಕಟ್ಟಿದಾಗ, ಅವಳು ಇದೇ ಕೋಣೆಯಿಂದ ಒಂದು ಹೊಸ ಬಿಂದಿಗೆ ತೆಗೆದು, ಕಂಠದ ಮೇಲೆ ಗಂಡನ ಹೆಸರು ಕೊರೆಸಿ ಕೊಟ್ಟು ಬಂದಿದ್ದಳು. ತಳದಲ್ಲಿ ಮೊದಲೇ ಒಂದು ಹೆಸರಿದ್ದುದನ್ನು ಅವಳು ನೋಡಿರಲಿಲ್ಲ. ಅದು ಚಿಕ್ಕಬೈರಪ್ಪನ ಹೆಸರೇ. ಮುಂದಿನ ಮದುವೆಯಲ್ಲಿ ಊಟದ ಪಂಕ್ತಿಯಲ್ಲಿ ಯಾರೋ, "ಚಿಕ್ಕಬೈರಪ್ಪನ ಬಿಂದಿಗೆ ಊರು ಸುತ್ಕೊಂಡು ಮನೆಗೆ ಬಂತಂತೆ" ಎಂದರು. ಸಾಲಿಗೆ ಸಾಲು ನಕ್ಕಿತು. ಇಂದ್ರಾಣಿ ಪಾಯಸ ಮುಟ್ಟದೆ ಎದ್ದಳು. ಅಂದಿನಿಂದ ಈ ಕೋಣೆಯ ಒಂದು ಚಮಚವೂ ಹೊರಗೆ ಹೋಗಿರಲಿಲ್ಲ.

ಗುರುವಾರ ಬೆಳಿಗ್ಗೆ ಎರಡನೆಯ ಮಹಡಿಯ ಸೌಮ್ಯ ಕಸ ಹಾಕಲು ಇಳಿದವಳು ಬಾಗಿಲಲ್ಲಿ ನಿಂತಳು. ಮನೆಯಿಂದಲೇ ಆಫೀಸಿನ ಕೆಲಸ ಮಾಡುವ ಹುಡುಗಿ. ರಾಶಿಯ ನಡುವೆ ಸ್ಟೂಲಿನ ಮೇಲೆ ಕುಳಿತ ಇಂದ್ರಾಣಿಯನ್ನು ನೋಡಿ, ಏನೂ ಕೇಳದೆ ಮೇಲೆ ಹೋಗಿ, ಕಾಫಿಯ ಲೋಟ, ತಟ್ಟೆಯಲ್ಲಿ ಎರಡು ದೋಸೆ ಹಿಡಿದು ಬಂದಳು.

"ತಿನ್ನಿ ಆಂಟಿ. ಹನ್ನೊಂದು ಗಂಟೆಗೆ ನಂಗೆ ಮೀಟಿಂಗು, ಅಲ್ಲೀವರೆಗೂ ಫ್ರೀ. ಏನು ಪ್ರಾಬ್ಲಮ್ಮು?"

ಇಂದ್ರಾಣಿ ಬಿಂದಿಗೆಯ ಕಥೆಯನ್ನೂ ಸೇರಿಸಿ ಎಲ್ಲ ಹೇಳಿದಳು. ಸೌಮ್ಯ ನಗು ತಡೆಯಲು ನೋಡಿ ಸೋತಳು. "ಸಾರಿ ಆಂಟಿ. ಆದ್ರೆ ಸಖತ್ತಾಗಿದೆ." ಆಮೇಲೆ ಒಂದು ಡಬರಿಯನ್ನು ತಿರುಗಿಸಿ ನೋಡಿದಳು. "ಹೆಸರಿದೆ, ಊರಿದೆ. ಅಡ್ರೆಸ್ಸೇ ಇದೆಯಲ್ಲ! ಬೇರೆ ಯಾರಿಗೂ ಕೊಡೋದು ಬೇಡ. ಯಾರ ಹೆಸರೋ ಅವರ ಮನೆಗೇ ಹೋಗ್ಲಿ."

"ಮುಯ್ಯಿ ವಾಪಸ್ ಕೊಟ್ರೆ ಮುಖಕ್ಕೆ ಹೊಡೆದ ಹಾಗೆ ಕಣೇ."

"ಖಾಲಿ ಕೊಟ್ರೆ ಹಂಗೆ. ನೀವು ನಮ್ಮನೆ ಡಬ್ಬಿ ಯಾವತ್ತಾದ್ರೂ ಖಾಲಿ ವಾಪಸ್ ಕೊಟ್ಟಿದೀರಾ? ಒಂದು ಹಿಡಿ ಸಕ್ಕರೆನಾದ್ರೂ ಹಾಕಿರ್ತೀರ."

ಇಂದ್ರಾಣಿ ದೋಸೆಯ ತುಂಡು ಕೈಯಲ್ಲೇ ಹಿಡಿದು ಕುಳಿತಳು. ಹೌದಲ್ಲ. ತುಂಬಿ ಕಳಿಸಿದರೆ ಅದು ವಾಪಸ್ ಕೊಟ್ಟಂತಲ್ಲ, ಬಾಗಿನ ಕೊಟ್ಟಂತೆ. ಅತ್ತಿಗೆ ಗುಣವಾಗಿ ಮನೆಗೆ ಬರುತ್ತಿದ್ದಾರೆ, ಸಿಹಿ ಹಂಚಲು ಇದಕ್ಕಿಂತ ಬೇರೆ ಕಾರಣ ಬೇಕೆ? ಒಂದು ಅಚ್ಚು ಬೆಲ್ಲ, ಎರಡು ವೀಳ್ಯದೆಲೆ, ಅಡಿಕೆ.

"ಸರಿ, ಮೊದಲು ಯಾರಿಗೆ ಫೋನ್ ಮಾಡೋಣ?" ಸೌಮ್ಯ ಬೇಸಿನ್ನಿನ ಅಂಚು ಓದಿದಳು. "ಚಿಕ್ಕಬೈರಪ್ಪ, ಕದಿರೇನಹಳ್ಳಿ."

"ಅವರು ಬೇಡ! ಬೇರೆ ಓದು."

"ಅವರೇ ಬೇಕು. ಅವರೊಬ್ಬರು ಆದ್ರೆ ಉಳಿದವರು ಏನೂ ಅಲ್ಲ." ಸೌಮ್ಯ ಇಂದ್ರಾಣಿಯ ಫೋನಿನಲ್ಲಿ ಹೆಸರು ಹುಡುಕಿ ಒತ್ತಿಯೇಬಿಟ್ಟಳು.

"ಚಿಕ್ಕಬೈರಪ್ಪಣ್ಣ, ನಾನು ಇಂದ್ರಾಣಿ," ಎಂದು ಅವಳು ಒಂದೇ ಉಸಿರಿಗೆ ವಿಷಯ ಹೇಳಿದಳು. ಆ ಕಡೆಯಿಂದ ಕೆಮ್ಮಿನಂಥ ನಗು.

"ಅಲ್ಲಮ್ಮಾ, ಆ ಬಿಂದಿಗೆ ವಿಷಯ ಇನ್ನೂ ಮನಸ್ಸಲ್ಲಿ ಇಟ್ಕೊಂಡಿದೀಯಾ? ನಮ್ಮನೇಲಿ ದಿನಾ ನೀರು ತುಂಬೋದು ಅದರಲ್ಲೇ. ಒಂದೇ ಬಿಂದಿಗೆಗೆ ಎರಡು ಮನೆ ಹೆಸರು ಬಂತು ಅಂತ ನಮ್ಮೋಳು ನೆಂಟರಿಗೆಲ್ಲ ತೋರಿಸ್ತಾಳೆ. ಅದಿರ್ಲಿ, ಒಬ್ಬಳೇ ಎತ್ತಿ ಇಳಿಸ್ತಿದೀಯಾ? ತಡಿ, ನಾಳೆ ಲಗೇಜ್ ಆಟೋ ತಗೊಂಡು ಬರ್ತೀನಿ. ಬನಶಂಕರಿ ಸುತ್ತಮುತ್ತ ಇರೋ ಮನೆಗಳಿಗೆಲ್ಲ ನಾನೇ ತಲುಪಿಸ್ತೀನಿ."

ಫೋನು ಇಟ್ಟ ಇಂದ್ರಾಣಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಹತ್ತು ವರ್ಷ ಹೊತ್ತಿದ್ದು ಒಂದು ಫೋನಿಗೆ ಇಳಿದಿತ್ತು. "ಓದು ಮಗಳೇ, ಮುಂದಿನ ಹೆಸರು ಓದು."

ಶುಕ್ರವಾರ ಗೇಟು ಮುಚ್ಚಲೇ ಇಲ್ಲ. ಸೌಮ್ಯ ರಜೆ ಹಾಕಿ ಊರಿನ ಪ್ರಕಾರ ಪಾತ್ರೆ ವಿಂಗಡಿಸಿದಳು. ಇಂದ್ರಾಣಿ ಬೆಲ್ಲ ಇಟ್ಟು ಎಲೆ ಇಟ್ಟು ಕೈಗೆ ಕೊಟ್ಟಳು. ಚಿಕ್ಕಬೈರಪ್ಪನ ಆಟೋ ಮೂರು ಸುತ್ತು ಹೋಗಿ ಬಂತು. ಯಾರೂ ಮುಖ ಗಂಟಿಕ್ಕಲಿಲ್ಲ. ವಿಲ್ಸನ್ ಗಾರ್ಡನ್ನಿನಿಂದ ಬಂದ ಮಧ್ಯವಯಸ್ಸಿನವರೊಬ್ಬರು ತೀರಿಹೋದ ತಾಯಿಯ ಹೆಸರನ್ನು ಹರಿವಾಣದ ಮೇಲೆ ಬೆರಳಿಟ್ಟು ಓದಿ, "ನಮ್ಮತ್ರ ಅಮ್ಮನ ಹೆಸರಿರೋದು ಒಂದೂ ಉಳಿದಿರ್ಲಿಲ್ಲ ಅಕ್ಕ" ಎಂದು ಎರಡೂ ಕೈಯಲ್ಲಿ ಹಿಡಿದುಕೊಂಡು ಹೋದರು. ಯಾರೆಂದು ಗೊತ್ತಾಗದ ಹೆಸರುಗಳಿದ್ದವನ್ನೆಲ್ಲ ಒಟ್ಟುಮಾಡಿ, ಊರ ಮಾರಮ್ಮನ ಗುಡಿಯ ಅನ್ನದಾನದ ಅಡುಗೆಮನೆಗೆ ಕಳಿಸಿದರು.

ಆದರೆ ಮಧ್ಯಾಹ್ನ ಮೂರರ ಹೊತ್ತಿಗೆ ಹೊಸ ಅಪಾಯ ಬಂತು. ನೆಂಟರ ಹೆಂಗಸು ಲಕ್ಷ್ಮಿದೇವಮ್ಮ ಮಗ್ಗುಲಲ್ಲಿ ದೊಡ್ಡ ಕೊಳಗವೊಂದನ್ನು ಇರುಕಿಕೊಂಡು ಗೇಟು ದಾಟಿದರು.

"ನೀನು ನಮ್ಮದು ಕೊಡ್ತೀಯ, ನಾನು ಬರೀ ಕೈಲಿ ಬರ್ಲಾ? ತಗೊ, ಇದು ನಿಮ್ಮನೆ ಹೆಸರಿಂದು. ಆಟೋದಲ್ಲಿ ಇನ್ನೂ ಐದು ಇದಾವೆ."

ಇಂದ್ರಾಣಿ ಬಾಗಿಲಿಗೆ ಎರಡೂ ಕೈ ಅಡ್ಡ ಚಾಚಿ ನಿಂತಳು. "ದಮ್ಮಯ್ಯ ಅಕ್ಕ! ಒಳಗೆ ತರಬೇಡಿ!"

"ಯಾಕೆ, ಮೈಲಿಗೆನಾ?"

"ಅತ್ತಿಗೆ ಮಲಗೋ ಜಾಗ ಅದು. ನಿಮ್ಮ ಕೊಳಗ ಒಳಗೆ ಬಂದ್ರೆ ಅವರು ಹೊರಗೆ ಹೋಗ್ಬೇಕಾಗುತ್ತೆ."

ಲಕ್ಷ್ಮಿದೇವಮ್ಮ ಖಾಲಿಯಾಗುತ್ತಿದ್ದ ಕೋಣೆಯನ್ನು ನೋಡಿದರು. ಕೊಳಗವನ್ನು ಆಟೋಗೆ ಹಿಂದಕ್ಕೆ ಕಳಿಸಿದರು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, "ಪೊರಕೆ ಎಲ್ಲಿದೆ?" ಎಂದರು.

ಸಂಜೆಗೆ ಒಂದೇ ಸಾಲು ಉಳಿಯಿತು, ಒಳಗಿನ ಗೋಡೆಗೆ ಒರಗಿಸಿದ ಹಿತ್ತಾಳೆಯವು. ಅವುಗಳ ಮೇಲೆ ಮುನಿವೆಂಕಟಮ್ಮನ ಹೆಸರು, ಮದುವೆಯ ತಾರೀಖು ಇತ್ತು. ಗಂಡ ತೀರಿಕೊಂಡು ತವರಿಗೆ ಬಂದಾಗ ಅವರು ತಂದದ್ದು ಇಷ್ಟೇ. ಮಂಚ ಹಾಕಬೇಕಾದ ಜಾಗವೂ ಅದೇ. ಇದನ್ನು ಮುಟ್ಟುವ ಹಕ್ಕು ತನಗಿಲ್ಲವೆಂದು ಇಂದ್ರಾಣಿ ನರ್ಸಿಂಗ್ ಹೋಮಿಗೆ ಫೋನು ಮಾಡಿದಳು.

"ಅತ್ತಿಗೆ, ನಿಮ್ಮ ಮದುವೆ ಪಾತ್ರೆ... ಮೇಲೆ ಎಲ್ಲಾದ್ರೂ ಜೋಡಿಸ್ಲಾ?"

"ಯಾಕೆ ಜೋಡಿಸ್ತೀಯ? ಗುಡಿಗೆ ಕೊಟ್ಬಿಡು, ಬಳಸ್ಲಿ." ಮುನಿವೆಂಕಟಮ್ಮ ಹೇಳಿದರು, "ನೀನು ನನ್ನನ್ನೇ ಇಟ್ಕೊತಿದೀಯಲ್ಲ. ನನ್ನ ಹೆಸರು ಇಟ್ಕೊಂಡು ಏನ್ ಮಾಡ್ತೀಯ?"

ಆ ಮಾತನ್ನು ಪಕ್ಕದಲ್ಲಿ ನಿಂತು ಕೇಳಿದ ಕೆಂಪರಾಜು ಹಿತ್ತಾಳೆ ಹಂಡೆಯ ಒಂದು ಹಿಡಿಬಳೆ ಹಿಡಿದರು. ಇನ್ನೊಂದನ್ನು ಚಿಕ್ಕಬೈರಪ್ಪ ಹಿಡಿದರು. ಆಟೋ ಹೋದ ಮೇಲೆ ಕೆಂಪರಾಜು ಗೇಟಿನ ಬಳಿ ನಿಂತು ಫೋನಿನಲ್ಲಿ ಹೇಳುತ್ತಿದ್ದದ್ದು ಇಂದ್ರಾಣಿಗೆ ಕೇಳಿಸಿತು: "ಬೇಡ ಸಾರ್, ಬೆಡ್ ಬೇರೆಯವರಿಗೆ ಕೊಡಿ. ನಮ್ಮಕ್ಕ ಮನೆಗೇ ಬರ್ತಾರೆ."

ಶನಿವಾರ ಹನ್ನೆರಡಕ್ಕೆ ಮುನಿವೆಂಕಟಮ್ಮ ಬಂದರು. ಕೆಂಪರಾಜು ಕಾರಿನಿಂದ ಇಳಿಸಿ ವಾಕರ್ ಕೈಗೆ ಕೊಟ್ಟರು. ತೊಳೆದು ಒರೆಸಿದ ಕೋಣೆಯಲ್ಲಿ ಮಂಚ, ಒಂದು ಕುರ್ಚಿ, ಕಿಟಕಿಯ ಬಿಸಿಲು, ಅಷ್ಟೇ ಇದ್ದದ್ದು. ಇಂದ್ರಾಣಿ ಹಾಸಿಗೆಯ ಮೇಲಿನ ಹೊದಿಕೆ ಸರಿಸಿ, "ಬನ್ನಿ, ಮಲಗಿ" ಎಂದಳು.

ಮುನಿವೆಂಕಟಮ್ಮ ಮಂಚದ ಕಡೆ ನೋಡಲೇ ಇಲ್ಲ. ಬಾಗಿಲಿನಿಂದ ಎದುರು ಗೋಡೆಯವರೆಗೆ ಕಣ್ಣಲ್ಲೇ ಅಳೆದರು. ನೆಲದ ಮೇಲೆ ಎಡವಲು ಒಂದು ಲೋಟವೂ ಇರಲಿಲ್ಲ.

"ಇಷ್ಟೂ ಜಾಗ ನಂಗೇನಾ?"

"ನಿಮಗೇ."

ಅವರು ವಾಕರ್ ಮುಂದಿಟ್ಟರು, ಒಂದು ಹೆಜ್ಜೆ ಹಾಕಿದರು. ಮತ್ತೆ ಮುಂದಿಟ್ಟರು. ಕೆಂಪರಾಜು ಹಿಡಿಯಲು ಹೋದರೆ ಇಂದ್ರಾಣಿ ಅವರ ತೋಳು ಹಿಡಿದು ನಿಲ್ಲಿಸಿದಳು. ಬಾಗಿಲಲ್ಲಿ ಸೌಮ್ಯ ಉಸಿರು ಬಿಗಿಹಿಡಿದು ನಿಂತಿದ್ದಳು. ಟಕ್, ಟಕ್ ಎಂದು ವಾಕರ್ ಆ ಗೋಡೆಯನ್ನು ಮುಟ್ಟಿತು. ಮುನಿವೆಂಕಟಮ್ಮ ಗೋಡೆಗೆ ಅಂಗೈ ತಟ್ಟಿ, ನಿಧಾನವಾಗಿ ತಿರುಗಿದರು. ಹಣೆಯ ತುಂಬ ಬೆವರು, ಬಾಯ್ತುಂಬ ನಗು.

"ದಾರಿ ಬಿಡ್ರೇ," ಎಂದರು, "ಇನ್ನೊಂದು ಸುತ್ತು ಬರ್ತೀನಿ."