ಯಾರೂ ಸಾರದ ಯುದ್ಧ, ಐದು ನಿಮಿಷದ ಮಾತು

ಮೇಜಿನ ಗಂಟೆಯನ್ನು ತೋರುಬೆರಳಿನಿಂದ ಒತ್ತಬೇಕೋ, ಅಂಗೈಯಿಂದ ಬಡಿಯಬೇಕೋ ಎಂಬುದು ಮನುಷ್ಯಕುಲ ಇನ್ನೂ ಇತ್ಯರ್ಥ ಮಾಡಿಕೊಳ್ಳದ ಗಹನವಾದ ಪ್ರಶ್ನೆ. ನಲವತ್ತು ವರ್ಷ ನೆತ್ತಿಯ ಮೇಲೆ ಏಟು ತಿಂದಿರುವುದರಿಂದ ಈ ವಿಷಯದಲ್ಲಿ ನನಗೆ ಮಾತಾಡುವ ಹಕ್ಕಿದೆ. ಬೆರಳಿನಿಂದ ಒತ್ತುವವರು ಕಾಯಬಲ್ಲರು. ಅಂಗೈಯಿಂದ ಬಡಿಯುವವರ ಮಾತಿಗೆ ಅವರ ಮನೆಯಲ್ಲಿ ಯಾರೂ ಕಿವಿಗೊಡುವುದಿಲ್ಲ.

ನಾನು ಒಂದು ಹಿತ್ತಾಳೆಯ ಮೇಜುಗಂಟೆ. ಹುಟ್ಟಿದ್ದು ಮೊರಾದಾಬಾದಿನ ಒಂದು ಎರಕದ ಮನೆಯಲ್ಲಿ. ಅಲ್ಲಿನ ಮುದುಕನೊಬ್ಬ ನನ್ನ ಮೈಯನ್ನು ಅರದಿಂದ ಉಜ್ಜಿ, ಒಳಗೆ ಸ್ಪ್ರಿಂಗು ಕೂರಿಸಿ, ಒಮ್ಮೆ ಒತ್ತಿ, ಕಣ್ಣು ಮುಚ್ಚಿ ಕೇಳಿದ. ನನ್ನ ದನಿಯನ್ನು ದನಿಗಾಗಿಯೇ ಕೇಳಿದವನು ಅವನೊಬ್ಬನೇ. ಉಳಿದವರು ಒತ್ತಿದ್ದೆಲ್ಲ ಯಾರನ್ನಾದರೂ ಕರೆಯಲು, ಇಲ್ಲವೇ ಯಾರ ಬಾಯನ್ನಾದರೂ ಮುಚ್ಚಿಸಲು.

ಮೊದಲು ಗದಗಿನ ಒಂದು ಕಚೇರಿಯಲ್ಲಿದ್ದೆ. ಸಾಹೇಬರು ನನ್ನನ್ನು ಒತ್ತಿದರೆ ಹೊರಗಿನ ಸಿಪಾಯಿ ಮನಸ್ಸಿನಲ್ಲೇ ಏಳರವರೆಗೆ ಎಣಿಸಿ ಒಳಗೆ ಬರುತ್ತಿದ್ದ. ಕೂಡಲೇ ಬಂದರೆ ಕೆಲಸವಿಲ್ಲದವನು ಅಂದುಕೊಂಡಾರು ಎಂಬ ಎಚ್ಚರ. ಹರಾಜಿನಲ್ಲಿ ಒಬ್ಬ ಹಲ್ಲಿನ ಡಾಕ್ಟರರ ಕೈಸೇರಿದೆ. ಅಲ್ಲಿ ನನ್ನ ಸದ್ದು ಕೇಳಿದರೆ ಸಾಕು, ಹೊರಗಿನ ಬೆಂಚಿನಲ್ಲಿದ್ದವರ ನೋವು ತಾನಾಗಿ ಕಡಿಮೆಯಾಗುತ್ತಿತ್ತು. ಡಾಕ್ಟರರು ಅಂಗಡಿ ಮುಚ್ಚುವಾಗ, ನಿವೃತ್ತ ಮುಖ್ಯೋಪಾಧ್ಯಾಯಿನಿ ಇಂದುಮತಿ ಸವಡಿಯವರಿಗೆ ಹೊಸ ಹಲ್ಲಿನ ಸೆಟ್ಟಿನ ಜೊತೆಗೆ ನನ್ನನ್ನೂ ಕೊಟ್ಟರು. ಸವಡಿ ಅಕ್ಕೋರು ಎರಡನ್ನೂ ಚರ್ಚಾಕೂಟದಲ್ಲೇ ಹೆಚ್ಚಾಗಿ ಬಳಸಿದರು.

ಆ ಕೂಟ ಶನಿವಾರ ಸಂಜೆ ಫಕೀರಪ್ಪ ಹೊಂಬಳನ ಬೈಂಡಿಂಗ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಸೇರುತ್ತಿತ್ತು. ಅಕ್ಕೋರು ಅಧ್ಯಕ್ಷರು. ಪ್ರತಿ ಭಾಷಣಕ್ಕೆ ಐದು ನಿಮಿಷ, ಆಮೇಲೆ ನಾನು. ಕೂಟಕ್ಕೆ ಒಂದು ವಿಚಿತ್ರ ನಿಯಮವಿತ್ತು. ಯಾರು ಪರ, ಯಾರು ವಿರೋಧ ಎಂದು ಚಹಾದ ಹೊತ್ತಿನಲ್ಲೇ ಚೀಟಿ ಎತ್ತಬೇಕು. ಬಂದ ಚೀಟಿಯಂತೆ ಮಾತಾಡಬೇಕು. ನಂಬಿಕೆಗೂ ಮಾತಿಗೂ ಸಂಬಂಧ ಇಟ್ಟುಕೊಂಡರೆ ಸ್ನೇಹ ಕೆಡುತ್ತದೆ ಎಂಬುದು ಅಕ್ಕೋರ ಸಿದ್ಧಾಂತ. ಸದಸ್ಯರಿಗೆಲ್ಲ ಇದು ಗೊತ್ತು. ಫಕೀರಪ್ಪನಿಗೆ ಗೊತ್ತಿರಲಿಲ್ಲ. ಕೋಣೆ ಕೊಟ್ಟು ಹನ್ನೆರಡು ವರ್ಷವಾದರೂ ಆತ ಒಮ್ಮೆಯೂ ಒಳಗೆ ಬಂದು ಕೂತವನಲ್ಲ. ವಾರದ ಉಳಿದ ದಿನಗಳಲ್ಲಿ ನಾನು ಅವನ ಅಂಗಡಿಯ ಹಲಗೆಯ ಮೇಲಿರುತ್ತಿದ್ದೆ. ಹೀಗಾಗಿ ಅವನ ಸಂಸಾರದ ಸುದ್ದಿ ನನಗೆ ಗೊತ್ತಾಗುತ್ತಿತ್ತು. ಮಗಳು ನೀಲಾಂಬಿಕಾ ನರ್ಸು. ಕೊಲ್ಲಿಯ ಒಂದು ದೇಶದ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತ್ತು, ವೀಸಾ ಬಂದಿತ್ತು, ವಿಮಾನಕ್ಕೆ ಹದಿನೇಳು ದಿನ ಉಳಿದಿತ್ತು.

ಅಷ್ಟರಲ್ಲಿ ಆ ಕಡೆಯ ಎರಡು ದೇಶಗಳು ಒಂದರ ಮೇಲೊಂದು ಬಾಂಬು ಹಾಕತೊಡಗಿದವು. ಯುದ್ಧ ಎಂದು ಮಾತ್ರ ಇಬ್ಬರೂ ಹೇಳಲಿಲ್ಲ. ಒಬ್ಬರು ಕಾರ್ಯಾಚರಣೆ ಎಂದರು, ಇನ್ನೊಬ್ಬರು ಪ್ರತ್ಯುತ್ತರ ಎಂದರು.

ಆ ಶನಿವಾರದ ವಿಷಯ: 'ಸಾರದೇ ನಡೆದಿರುವ ಈ ಯುದ್ಧ ಹಬ್ಬುತ್ತದೆ.' ವಕೀಲ ಪರಪ್ಪ ಮುಧೋಳರು ಎದ್ದು ನಿಂತು, "ಅಕ್ಕೋರ, ಯಾರೂ ಸಾರಿಲ್ಲ ಅಂದಮ್ಯಾಲೆ ಯುದ್ಧ ಇಲ್ಲ. ಯುದ್ಧ ಇಲ್ಲ ಅಂದಮ್ಯಾಲೆ ವಿಷಯಾನ ಇಲ್ಲ," ಎಂದರು.

"ಹಂಗಾರ ನೀವೂ ಇಲ್ಲ ಅಂತ ಬರಕೋತೀನಿ, ಕೂಡ್ರಿ," ಎಂದು ಅಕ್ಕೋರು ನನ್ನನ್ನು ಒತ್ತಿದರು.

ಪರ ಎಂಬ ಚೀಟಿ ಬಂದಿದ್ದು ಟೇಲರ್ ದಸ್ತಗೀರಸಾಬ್ ಕಿಲ್ಲೇದಾರರಿಗೆ. ಊರಿನಲ್ಲಿ ಅವರಂಥ ಮಾತುಗಾರ ಇನ್ನೊಬ್ಬನಿಲ್ಲ. ಚೀಟಿ ಎತ್ತಿ ಚಹಾ ಮುಗಿದ ಮೇಲೆ, ಯುದ್ಧದ ಮಾತು ಕಿವಿಗೆ ಬಿದ್ದು ಫಕೀರಪ್ಪ ಕೈಯ ಅಂಟು ಒರೆಸಿಕೊಳ್ಳುತ್ತ ಮೊದಲ ಬಾರಿಗೆ ಬಂದು ಬಾಗಿಲ ಬಳಿ ಕೂತ.

"ಸಾರಿದ ಯುದ್ಧಕ್ಕ ಒಂದು ಮುಗಿತಾಯ ಇರತೈತಿ," ಎಂದು ಕಿಲ್ಲೇದಾರರು ಶುರು ಮಾಡಿದರು. "ಸಾರಲಾರದ್ದಕ್ಕ ಎಲ್ಲೀದು? ಮದುವಿನ ಆಗದವರಿಗೆ ಸೋಡಚೀಟಿ ಹೆಂಗ ಕೊಡ್ತೀರಿ? ಇವತ್ತು ಎರಡು ದೇಶ. ನಾಳೆ ಹಡಗದ ದಾರಿ ಮುಚ್ಚತೈತಿ. ನಾಡಿದ್ದ ಬಾಜೂ ದೇಶದ ಮ್ಯಾಲೆ ಬೀಳತೈತಿ. ಅಲ್ಲಿ ದುಡಿಯಾಕ ಹೋದ ನಮ್ಮ ಮಕ್ಕಳು ವಿಮಾನ ಇಲ್ಲದ ಊರಾಗ ಕುಂತು ಆಕಾಶ ನೋಡಬೇಕಾಕೈತಿ. ಇಲ್ಲಿ ನಾವು ಫೋನ್ ನೋಡಬೇಕಾಕೈತಿ."

ಐದು ನಿಮಿಷ ಕಳೆದು ಏಳಾಯಿತು. ಅಕ್ಕೋರ ಬೆರಳು ನನ್ನ ಮೇಲೇ ಇತ್ತು, ಒತ್ತಲು ಮರೆತಿತ್ತು. ವಕೀಲರ ಉತ್ತರ ಕೇಳಲು ಫಕೀರಪ್ಪ ನಿಲ್ಲಲೇ ಇಲ್ಲ.

ಮರುದಿನ ಅಂಗಡಿಯಲ್ಲಿ ಆತ ಮಾಡಿದ್ದನ್ನು ಕಂಡಿದ್ದು ನಾನೊಬ್ಬನೇ. ಕೂಟದ ಹೊಸ ನಡಾವಳಿ ಪುಸ್ತಕ ಬೈಂಡಿಂಗಿಗೆ ಬಂದಿತ್ತು. ಆತ ಒಂದು ದಪ್ಪ ರಟ್ಟನ್ನು ಕೊರೆದು ಗೂಡು ಮಾಡಿದ. ಮಗಳ ಪಾಸಪೋರ್ಟನ್ನು ಅಂಟು ತಾಗದಂತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅದರಲ್ಲಿಟ್ಟ. ಮೇಲೆ ತೆಳು ರಟ್ಟು, ಅದರ ಮೇಲೆ ಕೆಂಪು ಬಟ್ಟೆ. ಕೆಲಸ ಎಷ್ಟು ಚೊಕ್ಕವಾಗಿತ್ತೆಂದರೆ ಬೆರಳಾಡಿಸಿದರೂ ಗೊತ್ತಾಗುತ್ತಿರಲಿಲ್ಲ.

ಸಂಜೆ ನೀಲಾ ಬಂದು ಕೇಳಿದಳು. "ಭದ್ರ ಐತಿ. ಯುದ್ಧ ಮುಗೀಲಿ, ಕೊಡ್ತೀನಿ," ಎಂದ.

"ಯಾವಾಗ ಮುಗೀತೈತಿ?"

"ಅದು ಮುಗಿಯೂದಿಲ್ಲ. ದಸ್ತಗೀರ ಹೇಳ್ಯಾನ."

ನಾನು ಗಂಟೆ. ಯಾರಾದರೂ ಒತ್ತದೆ ಬಾಯಿ ಬಿಡಲಾರೆ. ಆ ವಾರವಿಡೀ ಇದರ ಬಗ್ಗೆ ನನಗೆ ಬೇಸರವಿತ್ತು.

ಮುಂದಿನ ಶನಿವಾರ ಅಕ್ಕೋರು ಕೆಂಪು ಪುಸ್ತಕ ಬಿಚ್ಚಿ ಬರೆಯಲು ಕೂತರು. ನೀಲಾ ಆಸ್ಪತ್ರೆಯ ಬಿಳಿ ಸಮವಸ್ತ್ರದಲ್ಲೇ ಬಂದು ಮೇಜಿನ ಮೇಲೆ ಕೈಯೂರಿ ನಿಂತಳು. ಪಾಸಪೋರ್ಟು ಅವಳ ಅಂಗೈಯಿಂದ ಒಂದು ಗೇಣು ದೂರದಲ್ಲಿತ್ತು.

"ದಸ್ತಗೀರ ಕಾಕಾ, ನೀವು ಅವತ್ತು ಹೇಳಿದ್ದನ್ನ ನೀವ ನಂಬತೀರೇನು?"

"ಚೀಟಿ ಬಂದಿತ್ತವ್ವಾ," ಎಂದರು ಕಿಲ್ಲೇದಾರರು, ಸಣ್ಣ ದನಿಯಲ್ಲಿ.

"ಅಪ್ಪಗ ಚೀಟಿ ಕಾಣಲಿಲ್ಲ, ಕಾಕಾ. ಮಾತು ಅಷ್ಟ ಕೇಳಿಸ್ತು. ನನ್ನ ಪಾಸಪೋರ್ಟ್ ಮುಚ್ಚಿ ಇಟ್ಟಾನ. ಇನ್ನ ಒಂಬತ್ತು ದಿನ ಐತಿ."

ಅಕ್ಕೋರು ಲೇಖನಿ ಕೆಳಗಿಟ್ಟು ಫಕೀರಪ್ಪನನ್ನು ಒಳಗೆ ಕರೆಸಿ, ಚೀಟಿಯ ನಿಯಮ ತಿಳಿಸಿದರು. ಹನ್ನೆರಡು ವರ್ಷಗಳಲ್ಲಿ ಮೊದಲ ಬಾರಿಗೆ ಚೀಟಿ ಬೇಡ ಎಂದರು. "ನೀಲಾ, ನಿನಗೂ ಐದ ನಿಮಿಷ."

ಅವಳಿಗೆ ಮೂರು ಸಾಕಾದವು. "ಯುದ್ಧ ಹಬ್ಬಬಹುದು. ಹಬ್ಬಲಿಕ್ಕಿಲ್ಲ. ನನಗ ಗೊತ್ತಿಲ್ಲ. ಗೊತ್ತಿದ್ದದ್ದು ಹೇಳ್ತೀನಿ. ಬಾಂಬ್ ಬೀಳೂ ಊರಿಗೂ ನಾ ಹೋಗೂ ಆಸ್ಪತ್ರೆಗೂ ಒಂಬೈನೂರು ಕಿಲೋಮೀಟರ್. ಅಲ್ಲಿ ನಮ್ಮ ಕಡೇ ಸಿಸ್ಟರ್ ಒಬ್ಬಾಕಿ ಇದಾಳ, ದಿನಾ ಮಾತಾಡ್ತೀನಿ. ಗಲಾಟಿ ಆದ್ರ ವಾಪಸ್ ಕಳಸಬೇಕು ಅಂತ ಕರಾರಿನಾಗ ಐತಿ, ವಕೀಲ ಕಾಕಾ ಓದ್ಯಾರ. ಯುದ್ಧ ಹಬ್ಬಿದ್ರೂ ನರ್ಸ್ ಬೇಕು, ಹಬ್ಬದಿದ್ರೂ ಬೇಕು. ಅಂಜಿಕಿ ನನಗೂ ಐತಿ, ಅಪ್ಪಾ. ಆದ್ರ ಅದನ್ನ ನಾ ಇಟ್ಕೋತೀನಿ, ನೀ ಮುಚ್ಚಿಡಬ್ಯಾಡ."

ಫಕೀರಪ್ಪ ಮಗಳನ್ನು ನೋಡದೆ ಕಿಲ್ಲೇದಾರರ ಕಡೆ ತಿರುಗಿದ. "ಚೀಟಿ ಬಿಟ್ಟು ಹೇಳು, ದಸ್ತಗೀರ. ಹಬ್ಬತೈತೋ ಇಲ್ಲೋ?"

ಊರಿನ ಮಹಾ ಮಾತುಗಾರರು ಈ ಸಲ ಎದ್ದು ನಿಲ್ಲದೆ, "ಗೊತ್ತಿಲ್ಲೋ," ಎಂದರು. ಆ ಕೋಣೆಯಲ್ಲಿ ಆ ಮಾತನ್ನು ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು.

"ನಿನ್ನ ಮಗಳಾಗಿದ್ರ?"

"ಅಂಜತಿದ್ದೆ. ಅಂಜಕೋತನ ಕಳಸತಿದ್ದೆ."

ಫಕೀರಪ್ಪ ಎದ್ದ. ಅಂಗಡಿಗೆ ಹೋಗಿ ಚೂರಿ ತಂದ. ಅಕ್ಕೋರು ಬೆಚ್ಚಿ ನೋಡುತ್ತಿದ್ದಂತೆ ಅವರ ಮುಂದಿನ ಹೊಸ ಪುಸ್ತಕದ ರಟ್ಟನ್ನು ಅಂಚಿನಗುಂಟ ಸೀಳಿ, ಪಾಸಪೋರ್ಟನ್ನು ತೆಗೆದು ಮಗಳ ಕೈಗಿಟ್ಟ. "ಒಂದು ಹನಿ ಅಂಟೂ ತಾಗಿಲ್ಲ, ನೋಡಿಕೋ," ಎಂದ. ವಕೀಲರು, "ಕೂಟದ ದಾಖಲೆಗೆ ಧಕ್ಕೆ ಆತಲ್ಲ," ಎಂದು ಬಾಯಿ ತೆರೆದರು. ಅಕ್ಕೋರು ನನ್ನನ್ನು ಒತ್ತಿದರು.

ಈಗ ನನ್ನ ಸ್ಪ್ರಿಂಗು ಹೋಗಿದೆ. ಒತ್ತಿದರೆ 'ಟಕ್' ಎನ್ನುತ್ತೇನೆ, ಅಷ್ಟೇ. ಕೂಟಕ್ಕೆ ಮೊಬೈಲಿನ ಗಂಟೆ ಬಂದಿದೆ. ನಾನು ಫಕೀರಪ್ಪನ ಹಲಗೆಯ ಮೇಲೆ, ಅಂಟು ಒಣಗುವ ಪುಸ್ತಕಗಳಿಗೆ ಭಾರವಾಗಿ ಕೂತಿದ್ದೇನೆ. ಮಾತು ನಿಲ್ಲಿಸುವುದೇ ನನ್ನ ಕಸುಬಾಗಿತ್ತು. ಆದರೆ ಗೊತ್ತಿಲ್ಲ ಎನ್ನುವವರನ್ನು ನಿಲ್ಲಿಸುವ ಪ್ರಸಂಗ ನನಗೆ ಒಮ್ಮೆಯೂ ಬರಲಿಲ್ಲ. ಅವರು ತಾವಾಗಿಯೇ ಬೇಗ ಮುಗಿಸುತ್ತಾರೆ, ಆಮೇಲೆ ಉಳಿದವರು ಯೋಚಿಸತೊಡಗುತ್ತಾರೆ. ಆ ಯುದ್ಧವೂ ಮುಂದೆ ಒಂದು ದಿನ, ಯಾರೂ ಏನೂ ಸಾರದೆ, ನಿಂತಿತು.

ನೀಲಾ ಕೊಲ್ಲಿಯ ಆ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಕೆಲಸ ಮಾಡುತ್ತಿದ್ದಾಳೆ.