ರೀಲು ಕೊಂಡರೆ ಸಿನಿಮಾ ನಮ್ಮದಾಗದು

ಕಂಪ್ಲಿಯ ಟೆಂಟ್ ಟಾಕೀಸು ಮುಚ್ಚಿದಾಗ ಹುಲುಗೇಶ್ ಅಲ್ಲಿದ್ದ ಒಂದು ಸಿನಿಮಾದ ರೀಲುಗಳನ್ನು ಕೊಂಡು ಹೊಸಪೇಟೆಯ ಮನೆಗೆ ತಂದಿದ್ದ. ಸಂಡೂರಿನ ಗುಡ್ಡಗಳಲ್ಲಿ ತೆಗೆದ ಹಳೇ ಚಿತ್ರ. ಅವನಿಗೆ ತಿಳಿದಂತೆ ಬೇರೆಲ್ಲೂ ಪ್ರತಿ ಇರಲಿಲ್ಲ. ಡಬ್ಬಿ ತೆರೆದರೆ ಹುಳಿ ವಾಸನೆ; ರೀಲು ಕೆಡತೊಡಗಿತ್ತು. ಅವನಿದ್ದ ಹಳೇ ಸಿನಿಮಾ ಅಭಿಮಾನಿ ಸಂಘದವರು ಸೇರಿ ಅದನ್ನು ಸ್ಕ್ಯಾನ್ ಮಾಡಿಸಿದರು, ಗೀರು ಅಳಿಸಿದರು. ಇನ್ನು ಯೂಟ್ಯೂಬಿಗೆ ಹಾಕುವುದಷ್ಟೇ ಬಾಕಿ.

ಅವನ ನಾದಿನಿ ಶಿಲ್ಪಶ್ರೀ ವಕೀಲೆ. ಮನೆಗೆ ಬಂದವಳು ಕಂಪ್ಯೂಟರಿನಲ್ಲಿ ಇಣುಕಿದಳು.

"ಇದೇನು ಭಾವ, ನಿರ್ಮಾಪಕರಿಗಿಂತ ಮೊದ್ಲು ನಿಮ್ಮ ಸಂಘದ ಹೆಸರು? ಅವರ ಮನ್ಯಾಗ ಕೇಳೀರೇನು?"

"ಯಾಕ ಕೇಳ್ಬೇಕು? ರೊಕ್ಕ ಕೊಟ್ಟು ತಂದೀನಿ."

"ಪುಸ್ತಕ ಕೊಂಡೋರಿಗೆ ಅದನ್ನ ಅಚ್ಚು ಹಾಕ್ಸಿ ಹಂಚಾಕ ಬರತೈತೇನ್ರಿ? ಡಬ್ಬಿ ನಿಮ್ದು, ಹಕ್ಕು ನಿರ್ಮಾಪಕರ್ದು. ಬಿಡುಗಡೆ ಆದ ಮುಂದಿನ ವರ್ಷದಿಂದ ಅರವತ್ತು ವರ್ಷ, ಇದಕ್ಕಿನ್ನೂ ಮುಗದಿಲ್ಲ."

"ನಾವೇನು ದುಡ್ಡು ಮಾಡಂಗಿಲ್ಲ. 'ಅಭಿಮಾನಕ್ಕಾಗಿ ಮಾತ್ರ' ಅಂತ ಬರದೀವಿ."

ಹೆಂಡತಿ ದುರ್ಗಕ್ಕ ಅಕ್ಕಿ ಆರಿಸುತ್ತಲೇ ನಕ್ಕಳು. "ಮಂದಿ ಎತ್ತು ಹೊಡ್ಕೊಂಡು ಹೋಗಿ, ಕೊಳ್ಳಾಗ 'ಪ್ರೀತಿಗಾಗಿ' ಅಂತ ಚೀಟಿ ಕಟ್ಟಿದಂಗಾತು."

"ಹಂಗಾದ್ರ ಕೊಳತು ಹೋಗ್ಲೇನು?"

"ಅಂದೋರ್ಯಾರು?" ಎಂದಳು ಶಿಲ್ಪಶ್ರೀ. "ಸ್ವಂತಕ್ಕ ನೋಡ್ರಿ, ಅಧ್ಯಯನ ಮಾಡ್ರಿ. ವಿಮರ್ಶೆ ಮಾಡೂವಾಗ ಬೇಕಾದಷ್ಟು ತುಣುಕು ತೋರಿಸ್ರಿ. ನ್ಯಾಯವಾಗಿದ್ರ ಕಾನೂನು ಒಪ್ಪತೈತಿ. ಇಡೀ ಸಿನಿಮಾ ಹಂಚೋದು ಬ್ಯಾರೆ."

"ಕೇಳಿದ್ರ ಕಸ್ಕೊಂತಾರ, ಶಿಲ್ಪಾ."

"ಕೇಳ್ದ ಹಾಕಿದ್ರ ಕೇಸೂ ಆಗ್ಬೋದು, ಚಾನೆಲ್ಲೂ ಹೋಗ್ಬೋದು."

ಹುಲುಗೇಶ್ ಆ ವಾರ ಅಳುಕುತ್ತಲೇ ಕಂಪ್ಲಿಗೆ ಹೋದ. ನಿರ್ಮಾಪಕರು ಅಲ್ಲಿಯ ಅಕ್ಕಿ ಗಿರಣಿಯವರು, ತೀರಿಹೋಗಿದ್ದರು. ಹಕ್ಕು ಮಗಳು ಶಾಂಭವಿಯವರಿಗೆ ಬಂದಿತ್ತು. ಅವನು ಮೊಬೈಲಿನಲ್ಲಿ ಸಿನಿಮಾ ಹಚ್ಚಿ ಮುಂದಿಟ್ಟ. ಅವರು ಅದನ್ನು ಕೈಗೆತ್ತಿಕೊಂಡು ನೋಡತೊಡಗಿದರು.

"ಅಕ್ಕಾರ, ಬ್ಯಾಡ ಅಂದ್ರ ಹಾಕಂಗಿಲ್ಲ," ಎಂದ ಹುಲುಗೇಶ್.

"ಅಪ್ಪಾರು ಸಾಯೋಮಟ ಇದನ್ನ ಹುಡುಕ್ಸಿದ್ರು," ಎಂದರು ಶಾಂಭವಿ. "ಮದ್ರಾಸಿನ ಲ್ಯಾಬಿನವ್ರು ಹಾಳಾತು ಅಂತ ಹೇಳಿ ಕಳ್ಸಿದ್ರು. ನಮ್ಮೂರ ಟೆಂಟಿನಾಗ ಐತಂತ ಯಾರ ತಲಿಗೂ ಹೊಳೀಲಿಲ್ಲ. ನಮ್ಮನ್ಯಾಗ ಒಂದು ಫೋಟೊ ಸೈತ ಇಲ್ಲ. ಹಾಕ್ರಿ, ಬರದು ಕೊಡ್ತೀನಿ. ಹಾಡಿನ ಹಕ್ಕು ಮಾತ್ರ ಕ್ಯಾಸೆಟ್ ಕಂಪನಿಗೆ ಮಾರೇವಿ. ಅವರನ್ನೂ ಕೇಳ್ರಿ. ನಾನೂ ಒಂದು ಮಾತು ಹೇಳ್ತೀನಿ."

ನಿಮ್ಮ ಬಳಿಯೂ ಹಳೇ ರೀಲು, ಕ್ಯಾಸೆಟ್ಟು ಇದ್ದರೆ ದಯವಿಟ್ಟು ಉಳಿಸಿ. ಊರಿಗೆ ಹಂಚುವ ಮುನ್ನ ಹಕ್ಕುದಾರರನ್ನು ಹುಡುಕಿ, ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಕೇಳಲು ಹೆದರಬೇಡಿ, ನೀವು ಉಳಿಸಿದ್ದನ್ನೇ ಅವರು ಹುಡುಕುತ್ತಿರಬಹುದು.