ರುಮಾಲಿನ ಕಾವಲು

ಬರ ಕಳೆದ ಮರುವರ್ಷ ಇಂಗಳೇಶ್ವರದ ಬೀರಣ್ಣನ ಹೊಲದಲ್ಲಿ ಬಿಳಿಜೋಳ ಆಳೆತ್ತರ ಬೆಳೆದು, ತೆನೆಗೆ ಹಾಲು ತುಂಬಿತ್ತು. ಇದು ಹಕ್ಕಿಯ ಪಾಲಾದರೆ ಮತ್ತೊಂದು ವರ್ಷ ಕೊಂಡ ಕಾಳಿನ ರೊಟ್ಟಿಯೇ ಗತಿ. ಹೊಲದ ಅಟ್ಟಣಿಗೆಯ ಮೇಲೆ ಕೂತು ಹಕ್ಕಿ ಕಾಯುತ್ತಿದ್ದ ಮುದುಕ ಕಾಲುನೋವೆಂದು ಮಗಳ ಊರು ಸೇರಿದ್ದ. ಅವನ ಜಾಗಕ್ಕೆ ಮುದ್ದೇಬಿಹಾಳದ ಕಡೆಯ ಶಂಕರೆಪ್ಪ ಬಂದ. ಮಾತು ಜೋನಿಬೆಲ್ಲ.

“ನನ್ನ ಕವಣಿ ಸಪ್ಪಳಕ್ಕ ಗಿಳಿ ಇಂಡಿ ತಾಲೂಕ ದಾಟಿ ಓಡ್ತಾವ್ರಿ ಅಣ್ಣಾರ!”

ಬೀರಣ್ಣ ಹಿಗ್ಗಿದ. ಹೆಂಡತಿ ತಿಪ್ಪವ್ವ ಹಿಗ್ಗಲಿಲ್ಲ.

“ಇಂವ ಬ್ಯಾಡ್ರಿ. ಅಟ್ಟಣಿಗಿ ಹತ್ತಿದಾಂವ ಹಕ್ಕಿ ಯಾವ ಕಡಿಂದ ಬರ್ತಾವು ಅಂತ ಕೇಳ್ಲಿಲ್ಲ. ಯಜಮಾನ್ರು ಯಾವ ಹಾದೀಲೆ ಬರ್ತಾರು ಅಂತ ಕೇಳಿದ.”

“ನಿನಗ ಎಲ್ಲಾರ ಮ್ಯಾಲೂ ಸಂಶೇ!”

ಬೀರಣ್ಣ ಹೋದಾಗಲೆಲ್ಲ ಅಟ್ಟಣಿಗೆಯ ಮೇಲೆ ಕೂಗೇ ಕೂಗು, ಕವಣೆ ಗಿರಗಿರ. ಆದರೂ ತೆನೆಗಳು ಒಂದೊಂದಾಗಿ ಬೋಳಾಗತೊಡಗಿದವು.

ಒಂದು ದಿನ ಬೀರಣ್ಣ ಬಾಗೇವಾಡಿ ಸಂತೆಯಲ್ಲಿ ಬದನೆಕಾಯಿ ಅಗ್ಗವೆಂದು ಕೊಂಡು, ಚೀಲವಿಲ್ಲದೆ ತಲೆಗೆ ಸುತ್ತಿದ್ದ ಕೆಂಪು ರುಮಾಲು ಬಿಚ್ಚಿ ಗಂಟು ಕಟ್ಟಿದ. ಬರಿತಲೆಯಲ್ಲೇ ಹೊಲಕ್ಕೆ ಬಂದರೆ ಕೂಗಿಲ್ಲ, ಕವಣೆಯಿಲ್ಲ. ಶಂಕರೆಪ್ಪ ಗೊರಕೆ ಹೊಡೆಯುತ್ತಿದ್ದ. ಅವನ ಕಾಲ ಬಳಿ ಗುಬ್ಬಿಗಳು ಸಾಲಾಗಿ ಕೂತಿದ್ದವು.

ಬೈಯಲು ತೆರೆದ ಬಾಯಿಯನ್ನು ಬೀರಣ್ಣ ಮುಚ್ಚಿಕೊಂಡ. ಸುಗ್ಗಿ ಹೊತ್ತಿನಲ್ಲಿ ಬೇರೆ ಆಳೆಲ್ಲಿ? ಮನೆಗೆ ಬಂದು ಹೇಳಿದ. ತಿಪ್ಪವ್ವ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು.

“ಅಂವಗ ಹೆದರಿಕಿ ನಿಮ್ಮದಲ್ರಿ, ರುಮಾಲಿಂದು!”

ಮರುದಿನ ನಸುಕಿನಲ್ಲಿ ಇಬ್ಬರೂ ಹೋಗಿ ಉದ್ದನೆ ಕೋಲಿಗೆ ರುಮಾಲು ಸುತ್ತಿ ಬದುವಿನಲ್ಲಿ ನೆಟ್ಟರು. ಅಟ್ಟಣಿಗೆಯಿಂದ ನೋಡಿದರೆ ಜೋಳದ ಮೇಲೆ ರುಮಾಲಷ್ಟೇ ಕಾಣುತ್ತಿತ್ತು, ಗಾಳಿಗೆ ಅಲ್ಲಾಡುತ್ತಲೂ ಇತ್ತು.

ಅಂದಿನಿಂದ ಕೂಗು ನಿಲ್ಲಲೇ ಇಲ್ಲ. ಪಕ್ಕದ ಹೊಲದ ಕಾಸಿಂಸಾಬ ಓಡಿಬಂದ: “ಬೀರಣ್ಣಾ, ನಿಮ್ಮ ಆಳಿಗೆ ದೆವ್ವ ಬಡದೈತೇನೋ?”

ಹಕ್ಕಿ ಊರು ಬಿಟ್ಟವು. ಹಸಿ ತೆನೆ ಸುಟ್ಟು ಸೀತನಿ ಮಾಡುವ ದಿನ, ಗಂಟಲು ಕಟ್ಟಿದ ಶಂಕರೆಪ್ಪ ಕೆಳಗಿಳಿದು ಬದುವಿಗೆ ಬಂದು ಕೋಲು ಕಂಡ. ಮೊದಲು ಪೆಚ್ಚಾದ, ಆಮೇಲೆ ಹೊಟ್ಟೆ ಹಿಡಿದು ನಕ್ಕ.

“ಎಲ್ಲಾರೂ ಹಕ್ಕಿಗೆ ಬೆದರಗೊಂಬಿ ನಿಲ್ಲಸ್ತಾರ. ನೀವು ನನಗ ನಿಲ್ಲಿಸೀರಲ್ರಿ ಅಣ್ಣಾರ!”

“ತಗೋ, ಬೆಲ್ಲ ತಿನ್ನು. ಗಂಟಲಕ್ಕ ಛಲೋ,” ಎಂದು ತಿಪ್ಪವ್ವ ಬೊಗಸೆ ತುಂಬ ಬಿಸಿ ಸೀತನಿಯನ್ನೂ ಕೊಟ್ಟಳು.

ಮುಂದಿನ ವರ್ಷ ಹೊಸ ಆಳು ಬಂದ. ಹೆಚ್ಚು ಮಾತಿಲ್ಲ. ಬೀರಣ್ಣ ಅವನನ್ನು ಅಟ್ಟಣಿಗೆ ಹತ್ತಿಸಿ ಕೆಳಗೆ ಕಾದು ನಿಂತ. ಅವನು ಮುಗಿಲು ನೋಡಿ, “ಗಿಳಿ ಯಾವ ಕಡಿಂದ ಬರ್ತಾವ್ರಿ?” ಎಂದ.

ಬೀರಣ್ಣ ಮನೆಯ ಕಡೆ ಓಡಿದ.

“ಏ ತಿಪ್ಪವ್ವಾ! ಕೇಳಿದ! ಕೇಳಿದ!”